ನಾಲ್ಕು ತಾಲ್ಲೂಕಿನ ಮನವಿ, ಒಂದು ಮನೆಯ ಬಂದೂಕು

ನಾನು ಬರೆದ ಒಂದು ವಾಕ್ಯದ ದೆಸೆಯಿಂದ ನಾಲ್ಕು ತಾಲ್ಲೂಕಿನ ಜನ ಮಾತು ಬಿಡುವ ಹಂತಕ್ಕೆ ಬಂದಿದ್ದರು. ವಾಕ್ಯ ಇಷ್ಟೇ: ‘ನಮ್ಮ ಮನೆಗಳಲ್ಲಿ ಆಯುಧಗಳಿಲ್ಲ, ನಿಮ್ಮ ದೇಶಗಳಲ್ಲಿ ಏಕಿವೆ?’ ಬರೆದ ದಿನ ನನಗೆ ಅದರ ಮೇಲೆ ಎಷ್ಟು ಮೋಹ ಹುಟ್ಟಿತ್ತೆಂದರೆ, ಚಹಾ ತಂದ ಹೆಂಡತಿಗೆ ಎರಡು ಸಲ ಓದಿ ಹೇಳಿದೆ. ಅವಳು ಲೋಟ ಇಟ್ಟು, "ನಮ್ಮನ್ಯಾಗ ಈಳಿಗಿ ಐತಲ್ಲ" ಎಂದು ಒಳಗೆ ಹೋದಳು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡಿದ್ದರೆ ಮುಂದಿನ ಮೂರು ತಿಂಗಳ ಓಡಾಟ ತಪ್ಪುತ್ತಿತ್ತು.

ಕೊಪ್ಪಳದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಕಲಿಸುವುದು ನಿಂತಿತು, ಪ್ರಶ್ನೆ ಕೇಳುವ ಚಟ ನಿಲ್ಲಲಿಲ್ಲ. ಬಸ್ಸಿನಲ್ಲಿ ಪಕ್ಕದವರ ಚೀಲದಲ್ಲಿ ಏನಿದೆ, ಗಿಣಿಗೇರಾದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವನ ಅಂಗಿಯ ಮೇಲಿನ ಕಪ್ಪು ಯಾವ ಸೋಪಿಗೆ ಹೋಗುತ್ತದೆ, ಎಲ್ಲವೂ ನನಗೆ ಬೇಕು. "ಮನಿಗೆ ಮಾರಿ, ಊರಿಗೆ ಉಪಕಾರಿ" ಎನ್ನುವುದು ಇದಕ್ಕೆ ನನ್ನ ಹೆಂಡತಿ ಕೊಟ್ಟ ಹೆಸರು. ನಮ್ಮಂಥ ಹತ್ತು ಹನ್ನೆರಡು ನಿವೃತ್ತ ಶಿಕ್ಷಕರು ಸೇರಿ ಒಂದು ಓದುಬಳಗ ಕಟ್ಟಿಕೊಂಡಿದ್ದೆವು. ವಾರಕ್ಕೊಮ್ಮೆ ಕೂಡಿ ಪತ್ರಿಕೆ ಓದುವುದು, ಸರ್ಕಾರಕ್ಕೆ ಬುದ್ಧಿ ಹೇಳುವುದು, ಚಹಾ ಕುಡಿದು ಮನೆಗೆ ಹೋಗುವುದು ನಮ್ಮ ಕಾರ್ಯಕ್ರಮ.

ಹೀಗಿರುವಾಗ ಬೆಂಗಳೂರಿನ ಶಾಂತಿ ಸಂಘಟನೆಗಳ ಕೂಟವೊಂದರಿಂದ ನಮಗೆ ಪತ್ರ ಬಂತು. ಅಣ್ವಸ್ತ್ರಗಳನ್ನು ಕಡಿಮೆ ಮಾಡಿ, ಕಡೆಗೆ ಇಲ್ಲವಾಗಿಸಿ ಎಂದು ಕೇಳುವ ಮನವಿ ಜಿಲ್ಲೆಗೊಂದರಂತೆ ಬೇಕು ಎಂದು ಬರೆದಿದ್ದರು. ಕೆಳಗೆ ಒಂದು ಷರತ್ತು: ಒಂದೇ ಸಂಘ ಬರೆದು ಕಳಿಸಿದರೆ ಆಗುವುದಿಲ್ಲ. ಬೇರೆ ಬೇರೆ ಕಸುಬಿನ ನಾಲ್ಕು ಸಂಘಗಳಾದರೂ ಕೂಡಿ ಕುಳಿತು, ಎಲ್ಲರೂ ಒಪ್ಪಿ, ಸಹಿ ಹಾಕಿರಬೇಕು. ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಕೂಡಿ ಕುಳಿತುಕೊಳ್ಳುವುದು ಹೇಗೆಂಬ ಕುತೂಹಲವೇ ನನ್ನನ್ನು ಮನೆಯಿಂದ ಹೊರಡಿಸಿತು.

ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ಹಮಾಲರ ಸಂಘವಿತ್ತು. ಕುಷ್ಟಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ. ಯಲಬುರ್ಗಾ ತಾಲ್ಲೂಕಿನ ಗುಡ್ಡದ ಕಡೆಯ ಹಳ್ಳಿಯೊಂದರಲ್ಲಿ ರೈತರ ಗುಂಪು. ನಾಲ್ಕನೆಯವರು ನಾವು. ಮೊದಲ ಸಭೆ ಕೊಪ್ಪಳದಲ್ಲೇ ಕರೆದೆವು. ನಮ್ಮ ಬಳಗದವರು ಒಬ್ಬರ ಮೇಲೊಬ್ಬರು ಎದ್ದು ಮಾತಾಡಿದರು. ಬಂದವರು ಚಹಾ ಕುಡಿದು, ಗೋಣು ಹಾಕಿ, ಬಸ್ಸಿನ ಹೊತ್ತಾಯಿತೆಂದು ಎದ್ದರು. ಸಭೆ ಭಾಳ ಛಲೋ ಆಯಿತೆಂದು ನಾನು ಹಿಗ್ಗಿದೆ. ಹೋಗುವಾಗ ಕುಷ್ಟಗಿಯ ಒಕ್ಕೂಟದ ಅಧ್ಯಕ್ಷೆ, ನಾವೆಲ್ಲ ಅಕ್ಕಾವ್ರು ಎಂದು ಕರೆಯುತ್ತಿದ್ದ ಗಟ್ಟಿ ದನಿಯ ಹೆಣ್ಣುಮಗಳು, ಬಾಗಿಲಲ್ಲಿ ನಿಂತು ಹೇಳಿದಳು: "ಸರ್, ನೀವು ಕರದ್ರಿ, ನಾವು ಬಂದು ಕುಂತು ಹೊಂಟ್ವಿ. ಮುಂದಿನ ಸಲ ನೀವು ನಮ್ಮಲ್ಲಿ ಬರ್ರಿ. ನೀವು ಕುಂದರ್ರಿ."

ಎರಡನೆಯ ಸಭೆಗೆ ಕುಷ್ಟಗಿಗೆ ಹೋದಾಗ ಕುಳಿತುಕೊಳ್ಳುವುದೆಂದರೆ ಏನೆಂದು ಕಂಡೆ. ಕುರ್ಚಿ ಇರಲಿಲ್ಲ. ಜಮಖಾನೆಯ ಮೇಲೆ ದುಂಡಗೆ ನಾಲ್ಕೂ ಸಂಘದವರು. ಅವರ ವಾರದ ಸಭೆಗಳಲ್ಲಿ ಒಂದು ಕಟ್ಟಳೆ ಇತ್ತು: ಒಳಗೆ ಇದ್ದ ಪ್ರತಿಯೊಬ್ಬರೂ ಒಂದು ಮಾತು ಆಡುವ ತನಕ ಯಾರೂ ಎರಡನೆಯ ಮಾತು ಆಡುವಂತಿಲ್ಲ. ಏನೂ ತೋಚದಿದ್ದರೆ ‘ನನಗೇನೂ ತೋಚುವಲ್ದು’ ಎಂದಾದರೂ ಹೇಳಬೇಕು. ಬರಹವನ್ನು ಒಂದೊಂದು ಸಾಲಾಗಿ ಓದಬೇಕು. ಪ್ರತಿ ಸಾಲಿಗೂ ಅಕ್ಕಾವ್ರು ಕೇಳುತ್ತಿದ್ದಳು: "ಈ ಸಾಲು ನಂದು ಅಂತ ಅನಸ್ತೈತೇನ್ರಿ ಎಲ್ಲಾರಿಗೂ?" ಅನಿಸದವರು ಕೈ ಎತ್ತಬೇಕು. ಸಾಲ ಮಂಜೂರು ಮಾಡುವಾಗ ಅವರು ಮಾಡುವುದೂ ಹೀಗೆಯೇ ಅಂತೆ. ಮೂವತ್ತು ವರ್ಷ ಪಾಠ ಮಾಡಿದರೂ ಹುಡುಗರಿಗೆ ನಾನು ಒಮ್ಮೆಯೂ ಹೀಗೆ ಕೇಳಿರಲಿಲ್ಲ. ಪುಸ್ತಕದ ಸಾಲು ಪುಸ್ತಕದ್ದು ಎಂದೇ ನಾನೂ ತಿಳಿದಿದ್ದೆ, ಅವರೂ ತಿಳಿದಿದ್ದರು.

ನಾನು ಬರೆದು ಒಯ್ದಿದ್ದ ಮನವಿಯ ಕರಡು ಓದುತ್ತ ನನ್ನ ಆ ವಾಕ್ಯ ಬಂತು. ನಾನು ಸ್ವಲ್ಪ ಗಂಟಲು ಸರಿಮಾಡಿಕೊಂಡು, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಓದಿದೆ. ರೈತರ ಗುಂಪಿನ ಯಜಮಾನರು ಕೈ ಎತ್ತಿದರು. ಐವತ್ತೈದರ ಆಸುಪಾಸು, ಮಾತು ಕಡಿಮೆ, ಟೋಪಿ ತೊಡೆಯ ಮೇಲೆ ಇಟ್ಟುಕೊಂಡು ಕೂರುವವರು.

"ನನ್ನ ಮನ್ಯಾಗ ಬಂದೂಕು ಐತ್ರಿ" ಎಂದರು. "ಬೆಳಿ ಕಾಯೂದಕ್ಕ ಲೈಸೆನ್ಸ್ ಕೊಟ್ಟಾರ, ನಮ್ಮಪ್ಪನ ಕಾಲದ್ದು. ಈಗ ಇಲೆಕ್ಷನ್ ಐತಲ್ಲ, ಠಾಣ್ಯಾಗ ಒಪ್ಪಿಸೀನಿ. ಮುಗಿದ ಮ್ಯಾಲೆ ತರ್ತೀನಿ. ಈ ಸಾಲು ನಂದಲ್ಲ."

ಗಂಗಾವತಿಯ ಹಮಾಲರ ಹಿರಿಯ ವಾತಾವರಣ ತಿಳಿ ಮಾಡಲು, "ಹಂಗ ನೋಡಿದ್ರ ಚೀಲಕ್ಕ ಹಾಕೂ ನಮ್ಮ ಕೊಕ್ಕಿನೂ ಆಯುಧಾನ ಆತಲ್ರೀ" ಎಂದರು. ಕೆಲವರು ನಕ್ಕರು. ಅಕ್ಕಾವ್ರು ನಗಲಿಲ್ಲ. "ಕೊಕ್ಕಿ ಬ್ಯಾರೆ, ಬಂದೂಕು ಬ್ಯಾರೆ. ಬಂದೂಕು ಇದ್ದವ್ರು ಬಾಂಬು ಬ್ಯಾಡಂತ ಸಹಿ ಹಾಕಿದ್ರ ಹೇಳೂದು ಆಚಾರ, ತಿನ್ನೂದು ಬದನಿಕಾಯಿ ಆಕ್ಕೈತಿ. ನಮ್ಮ ಹೆಣ್ಣಮಕ್ಕಳು ಅದರ ಬಾಜೂಕ ಹೆಸರು ಬರಿಯಂಗಿಲ್ಲ" ಎಂದಳು. ಯಜಮಾನರು ಟೋಪಿ ಹಾಕಿಕೊಂಡು ಎದ್ದರು. "ಹಂಗಾದ್ರ ನಮ್ಮ ಗುಂಪು ಇಲ್ಲಂತ ತಿಳೀರಿ." ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಮಕ್ಕಳಿಗೆ ಬರೆಸುತ್ತಿದ್ದೆ. ಮಾತು ಬಲ್ಲವನ ಮಾತಿನಿಂದಲೇ ಜಗಳ ಎದ್ದರೆ ಏನು ಮಾಡಬೇಕೆಂದು ಯಾವ ಗಾದೆಯೂ ಹೇಳಿಲ್ಲ.

ಮೂರು ಸಂಘಗಳಾದರೆ ಮನವಿ ಹೋಗುವಂತಿಲ್ಲ. ಯಜಮಾನರ ಮನವೊಲಿಸಲು ಒಂದು ವಾರ ಬಿಟ್ಟು ನಾನೇ ಹೊರಟೆ. ನಿಜ ಹೇಳಬೇಕೆಂದರೆ ಮನವೊಲಿಸುವುದಕ್ಕಿಂತ ನನಗೆ ಆ ಬಂದೂಕಿನ ಸಂಗತಿಯೇ ಹೆಚ್ಚು ಬೇಕಾಗಿತ್ತು. ಅಣುಬಾಂಬಿನ ಬಗ್ಗೆ ಪುಟಗಟ್ಟಲೆ ಓದಿದ್ದೆ, ಆದರೆ ಆಯುಧ ಇದ್ದ ಮನೆಯೊಂದರಲ್ಲಿ ಕುಳಿತು ಊಟ ಮಾಡಿರಲಿಲ್ಲ. ಇರಕಲ್ಲಗಡದಲ್ಲಿ ಬಸ್ಸು ಬದಲಿಸಿ ಹೋದೆ. ಅಂಗಳದಲ್ಲಿ ಯಜಮಾನರ ತಮ್ಮ ಪಂಪಿನ ವೈರು ಸುತ್ತುತ್ತ ಕುಳಿತಿದ್ದ. ಅಣ್ಣತಮ್ಮಂದಿರದು ಕೂಡಿದ ಮನೆ. ಅವನು ನಮಸ್ಕಾರ ಮಾಡಿ ಮತ್ತೆ ತಲೆ ಬಗ್ಗಿಸಿದ.

ಪಡಸಾಲೆಯ ಗೋಡೆಯಲ್ಲಿ ಬಂದೂಕು ತೂಗುಹಾಕುವ ಎರಡು ಗೂಟ ಖಾಲಿ ಇದ್ದವು. ಯಜಮಾನರಿಗೆ ನನ್ನ ಮೇಲೆ ಸಿಟ್ಟೇನೂ ಉಳಿದಿರಲಿಲ್ಲ. ನನ್ನ ಪ್ರಶ್ನೆಗಳಿಗೆಲ್ಲ ಸಮಾಧಾನದಿಂದ ಉತ್ತರ ಕೊಟ್ಟರು. ಮೆಕ್ಕೆಜೋಳಕ್ಕೆ ಕಾಡುಹಂದಿ ಬರುತ್ತವೆ, ಗುಡ್ಡದ ಅಂಚಿಗೆ ಒಮ್ಮೊಮ್ಮೆ ಕರಡಿ. ಹಾರಿಸುವುದು ಆಕಾಶಕ್ಕೆ, ಸದ್ದಿಗಾಗಿ ಮಾತ್ರ. ಕಡೆಯ ಸಲ ಯಾವಾಗ ಹಾರಿಸಿದಿರಿ ಎಂದರೆ ಅವರಿಗೇ ನೆನಪಿಲ್ಲ.

"ಹಂಗಾದ್ರ ಇಟಗೊಂಡಿರೂದು ಯಾಕ್ರಿ?" ಎಂದೆ.

"ಅಪ್ಪಂದ್ರೀ" ಎಂದರು. ರೊಟ್ಟಿ ಮುರಿಯುತ್ತ, "ಐತಿ ಅಂತ ಗೊತ್ತಿದ್ರ ಮಂದಿ ಸುಮ್ನಿರ್ತಾರ್ರಿ" ಎಂದು ಸೇರಿಸಿದರು. ನಾನು ಚಕಿತನಾದೆ. ದೊಡ್ಡ ದೊಡ್ಡ ದೇಶಗಳು ಅಣ್ವಸ್ತ್ರ ಇಟ್ಟುಕೊಳ್ಳಲು ಹೇಳುವ ಕಾರಣವೂ ಅಕ್ಷರಶಃ ಇದೇ. ಅವರು ಹೇಳಲು ಪುಸ್ತಕ ಬರೆಯುತ್ತಾರೆ, ಇವರು ರೊಟ್ಟಿಗೆ ಪುಂಡಿಪಲ್ಯ ಹಚ್ಚುತ್ತ ಹೇಳಿದರು.

ಊಟದ ನಡುವೆ ಯಾರೋ ಕರೆದರೆಂದು ಯಜಮಾನರು ಹೊರಗೆ ಹೋದರು. ಅವರ ಹೆಂಡತಿ ಮಜ್ಜಿಗೆ ತಂದಿಟ್ಟು, ಹೋಗದೆ ಅಲ್ಲೇ ನಿಂತಳು.

"ಸರ್, ನಿಮ್ಮ ಆ ಸಾಲು ಇವ್ರು ಮನಿಗೆ ಬಂದು ಸಿಟ್ಟೀಲೆ ನಾಕ ಸಲ ಅಂದ್ರು. ನನಗ ಬಾಯಿಪಾಠ ಆಗೈತಿ" ಎಂದಳು. "ಅದನ್ನ ತಗೀಬ್ಯಾಡ್ರಿ."

"ಯಾಕವ್ವಾ?"

"ಹೋದ ವರ್ಷ ಬೋರಿನ ನೀರಿನ ಪಾಳಿ ಸಂಬಂಧ ಅಣ್ಣತಮ್ಮಗ ಜಗಳಾತ್ರಿ. ಇವ್ರು ಬೈಕೋಂತ ಹೊರಗ ಹ್ವಾದ್ರು. ಮೈದುನ ಇಲ್ಲೇ ನಿಂತಿದ್ದ. ಅವನ ಕೈ ಗ್ವಾಡಿ ಕಡೆ ಹೋತ್ರಿ. ನಾನು ಅಡ್ಡ ನಿಂತೆ. ಅವನೂ ಏನೂ ಅನಲಿಲ್ಲ, ನಾನೂ ಏನೂ ಅನಲಿಲ್ಲ. ಇವ್ರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾದ್ರ ಮನಿ ಎರಡಾಕ್ಕೈತಿ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಗುಂಡು ಬ್ಯಾರೆ, ಟ್ರಂಕಿನ್ಯಾಗ ಅದಾವಂತ ಇವ್ರು ಅಂತಾರ. ಟ್ರಂಕು ಎಲ್ಲೈತಿ ಅಂತ ಮನ್ಯಾಗ ಎಲ್ಲಾರಿಗೂ ಗೊತ್ತಲ್ರೀ. ಇಲೆಕ್ಷನ್ ಬಂದಾಗ ಅಷ್ಟ ನಾನು ಕಣ್ತುಂಬ ನಿದ್ದಿ ಮಾಡ್ತೀನಿ. ನಿಮ್ಮ ಸಾಲು ಹಂಗ ಇದ್ರ, ಸಹಿ ಹಾಕೂ ಸಂಬಂಧಕ್ಕರ ಬಂದೂಕನ್ನ ಠಾಣ್ಯಾಗ ಬಿಟ್ಟು ಬಂದಾರು."

ಲೋಕದ ಎಲ್ಲ ಚೀಲಗಳಲ್ಲಿ ಇಣುಕುವವನಿಗೆ ಮೊದಲ ಸಲ, ಇಷ್ಟು ತಿಳಿಯಬಾರದಿತ್ತು ಎನಿಸಿತು. ನೋಡೋಣ ಎಂದು ಹೇಳಿದೆ. ‘ನೋಡೋಣ’ ಎನ್ನುವುದು ನಮ್ಮ ಕಡೆ ಕಚೇರಿಗಳಲ್ಲಿ ಇಲ್ಲ ಎನ್ನುವ ಬದಲು ಹೇಳುವ ಮಾತು. ಅವಳಿಗೂ ಅದು ಗೊತ್ತಿದ್ದಂತಿತ್ತು. ತಾಟು ತೆಗೆದುಕೊಂಡು ಹೋದಳು.

ಮೂರನೆಯ ಸಭೆ ಗಂಗಾವತಿಯಲ್ಲಿ, ಗಿರಣಿಯ ಪಕ್ಕ ಹಮಾಲರು ದಣಿವಾರಿಸಿಕೊಳ್ಳುವ ತಗಡಿನ ಶೆಡ್ಡಿನಲ್ಲಿ. ತೌಡಿನ ವಾಸನೆ, ಮೇಲೆ ಫ್ಯಾನಿನ ಗಡಗಡ. ಹಮಾಲರ ಹಿರಿಯರೇ ಫೋನು ಮಾಡಿ ಯಜಮಾನರನ್ನು ಒಪ್ಪಿಸಿ ಕರೆಸಿದ್ದರು. ಅಕ್ಕಾವ್ರೂ ಬಂದಳು. ಇಬ್ಬರೂ ಎದುರು ಬದುರು ಮುಖ ತಿರುವಿ ಕುಳಿತರು. ಅಲ್ಲಿಯೂ ಕುಷ್ಟಗಿಯ ಕಟ್ಟಳೆಯನ್ನೇ ಹಿಡಿದೆವು. ತಮ್ಮ ಪಾಳಿ ಬಂದಾಗ ಹಿರಿಯರು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ಮಾಸ್ತರ್ರ, ತುಂಬಿದ ಚೀಲ ಒಬ್ಬನ ಬೆನ್ನಿಗೆ ಹಾಕೂಮುಂದ ಇನ್ನಿಬ್ಬರು ಎತ್ತಿ ಕೊಡ್ತಾರ. ಎತ್ತೂದು ಮೂರೂ ಮಂದಿ ಕೂಡೇ ಎತ್ತಬೇಕು, ಉಸರು ಸುದ್ದಾ ಒಂದ ಹಿಡೀಬೇಕು. ಆದ್ರ ಹೊತಗೊಂಡು ಹೊಂಟ ಮ್ಯಾಲೆ ಅವರವರ ನಡಿಗಿ ಅವರವರದು. ನನ್ನಂಗ ನಡಿ ಅಂತ ಹೇಳಾಕ ಹೋದ್ರ ಚೀಲ ಬೀಳ್ತೈತಿ. ನೀವು ಎತ್ತೂದನ್ನೂ ನಡಿಯೂದನ್ನೂ ಒಂದ ಸಾಲಿನ್ಯಾಗ ಬರದೀರಿ."

ಇಷ್ಟು ವರ್ಷ ಸಂಘಟನೆ, ಒಗ್ಗಟ್ಟು ಎಂದೆಲ್ಲ ಬೋರ್ಡಿನ ಮೇಲೆ ಬರೆದವನಿಗೆ ಅದರ ಅರ್ಥ ತೌಡಿನ ವಾಸನೆಯಲ್ಲಿ ತಿಳಿಯಿತು. ಕೂಡಿ ಎತ್ತುವ ಮಾತು ಮೂರು ಸಾಲಿನಲ್ಲಿ ಮುಗಿಯಿತು: ಯಾರೂ ಮೊದಲು ಬಳಸಬಾರದು, ಹೊಸದನ್ನು ಮಾಡಬಾರದು, ಇದ್ದದ್ದನ್ನು ಎದುರು ಬದುರು ಕುಳಿತು ಕಳಚಿ ಹಾಕಬೇಕು. ಇದಕ್ಕೆ ಯಾರೂ ಕೈ ಎತ್ತಲಿಲ್ಲ. ಅದರ ಕೆಳಗೆ ಪ್ರತಿ ಸಂಘವೂ ತನಗೆ ಗೊತ್ತಿದ್ದದ್ದನ್ನು ತನ್ನ ಮಾತಿನಲ್ಲಿ ಬರೆಯಬೇಕು, ಒಬ್ಬರದನ್ನು ಇನ್ನೊಬ್ಬರು ತಿದ್ದಬಾರದು ಎಂದಾಯಿತು. ನನ್ನ ಪ್ರೀತಿಯ ವಾಕ್ಯಕ್ಕೆ ನಾನೇ ಕೆಂಪು ಗೆರೆ ಎಳೆದೆ.

ಕುಷ್ಟಗಿಯವರು ಬರೆಸಿದರು: ‘ನಮ್ಮಲ್ಲಿ ಇಬ್ಬರು ಜಗಳಾಡಿದರೆ ಮೂರನೆಯವಳು ನಡುವೆ ಕೂರುತ್ತಾಳೆ. ನಿಮ್ಮ ನಡುವೆ ಯಾರು ಕೂರುತ್ತಾರೆ?’ ಹಮಾಲರು ಬರೆಸಿದ್ದು, ತಾವು ಹೊರುವ ಪ್ರತಿ ಚೀಲದ ತೂಕ ತಮಗೆ ಹೇಳುತ್ತಾರೆ, ಬಾಂಬಿನ ಭಾರ ಹೊರುವ ಜನಕ್ಕೆ ಯಾರೂ ಹೇಳುವುದಿಲ್ಲ ಎಂದು. ನಾವು ಶಿಕ್ಷಕರು ಬಹಳ ಒದ್ದಾಡಿ, ಮಕ್ಕಳಿಗೆ ಯುದ್ಧಗಳ ಇಸವಿ ಬಾಯಿಪಾಠ ಮಾಡಿಸಿದೆವು, ಒಪ್ಪಂದಗಳ ಇಸವಿ ಕೇಳಲಿಲ್ಲ ಎಂದು ತಪ್ಪೊಪ್ಪಿಕೊಂಡೆವು. ಕಡೆಗೆ ಯಜಮಾನರು ಹೇಳತೊಡಗಿದರು, ನಾನು ಬರೆದುಕೊಂಡೆ:

"ನನ್ನ ಮನ್ಯಾಗ ಬಂದೂಕು ಐತಿ. ಅದಕ್ಕ ಕಾಯ್ದೆ ಐತಿ. ಲೈಸೆನ್ಸ್ ಮುಗಿಯೂದ್ರಾಗ ಹೋಗಿ ತೋರಸ್ತೀನಿ. ಇಲೆಕ್ಷನ್ ಬಂತಂದ್ರ, ಊರಾಗ ಜಗಳ ಆಗಬಾರದಂತ ಠಾಣ್ಯಾಗ ಒಪ್ಪಿಸಿ ರಸೀದಿ ಇಸ್ಕೊಂತೀನಿ. ನನ್ನಂಥ ಸಣ್ಣ ಮನಶಾಗ ಇಷ್ಟು ಕಾಯ್ದೆ ಐತಿ. ದೊಡ್ಡ ದೇಶದವ್ರು ತಮ್ಮದನ್ನ ಎಲ್ಲಿ ಒಪ್ಪಸ್ತಾರ, ಯಾರು ರಸೀದಿ ಕೊಡ್ತಾರ?"

ಹಮಾಲರು ಚಪ್ಪಾಳೆ ಹೊಡೆದರು. ಅಕ್ಕಾವ್ರು ಯಜಮಾನರ ಕಡೆ ತಿರುಗಿ, "ಇದನ್ನ ಬಂದೂಕು ಇದ್ದವ್ರ ಬರೀಬೇಕು. ನಮ್ಮ ಕಡಿಂದ ತಕರಾರಿಲ್ರೀ" ಎಂದಳು. ಅಲ್ಲಿಗೆ ನಾಲ್ಕೂ ಸಂಘಗಳು ಕೂಡಿದವು. ನನಗೆ ಸಂತೋಷವಾಯಿತು, ಬಸ್ಸಿನಲ್ಲಿ ಹಿಟ್ನಾಳ ದಾಟುವ ತನಕ ಆ ಮಾತನ್ನೇ ಮತ್ತೆ ಮತ್ತೆ ಓದಿದೆ. ಆಮೇಲೆ ಮಜ್ಜಿಗೆ ಇಟ್ಟು ನಿಂತ ಆ ಹೆಣ್ಣುಮಗಳು ಕಣ್ಣಿಗೆ ಬಂದಳು. ತೆಗೆಯಬೇಡಿ ಎಂದು ಅವಳು ಕೇಳಿದ್ದನ್ನೇ ನಾನು ತೆಗೆದಿದ್ದೆ. ನಾಲ್ಕು ಸಂಘಗಳು ಉಳಿಯಲೆಂದು ಒಬ್ಬಳ ನಿದ್ದೆಯನ್ನು ಬಿಟ್ಟುಕೊಟ್ಟಿದ್ದೆ, ಅದೂ ಅವಳನ್ನು ಕೇಳದೆ. ನಾಚಿಕೆಯಾಯಿತು. ಮನೆಗೆ ಬಂದು ಹೆಂಡತಿಗೆ ಹೇಳಲೂ ಆಗಲಿಲ್ಲ, ಅದು ನನ್ನ ಗುಟ್ಟಾಗಿರಲಿಲ್ಲ.

ಸಹಿ ಹಾಕುವ ಸಭೆ ಯಜಮಾನರ ಮನೆಯಲ್ಲೇ ಆಯಿತು. ಅಷ್ಟರಲ್ಲಿ ಚುನಾವಣೆ ಮುಗಿದು, ಎಣಿಕೆಯೂ ಮುಗಿದು, ಬಂದೂಕು ಒಯ್ಯಬಹುದೆಂದು ಠಾಣೆಯಿಂದ ಹೇಳಿ ಕಳಿಸಿದ್ದರು. ಸೋಮವಾರ ಹೋಗಿ ತರುವುದಿದೆ ಎಂದು ಯಜಮಾನರು ಎಲ್ಲರೆದುರು ಸಹಜವಾಗಿ ಹೇಳಿದರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಇದ್ದಳು. ನಾನು ಆ ಕಡೆ ನೋಡಲಿಲ್ಲ.

ಪಡಸಾಲೆಯಲ್ಲಿ ದುಂಡಗೆ ಕುಳಿತೆವು. ಅಕ್ಕಾವ್ರು ಎಂದಿನಂತೆ ತಲೆ ಎಣಿಸಿದಳು. ಎಣಿಸುತ್ತ ಅಡುಗೆಮನೆಯ ಬಾಗಿಲಿಗೆ ಬಂದು, "ನೀವೂ ಬರ್ರಿ ಯಕ್ಕಾ, ಒಳಗ ಇದ್ದವ್ರೆಲ್ಲ ಒಂದೊಂದು ಮಾತು ಆಡಬೇಕು" ಎಂದಳು. ಹೊಸ್ತಿಲ ಮೇಲೆ ಕುಳಿತ ತಮ್ಮನನ್ನೂ ಬಿಡಲಿಲ್ಲ. "ನೀವು ಒಂದ ಕಾಲು ಒಳಗ ಇಟ್ಟೀರಿ. ಲೆಕ್ಕಕ್ಕ ಬಂದ್ರಿ." ಎಲ್ಲರೂ ನಕ್ಕರು.

ಮನವಿಯನ್ನು ಓದಿದೆ. ಪಾಳಿ ಸುತ್ತಿ ಯಜಮಾನರ ಹೆಂಡತಿಗೆ ಬಂತು. ಅವಳು ಸೆರಗು ಸರಿಮಾಡಿಕೊಂಡು, ಗಂಡನ ಕಡೆ ನೋಡದೆ, ನನ್ನ ಕೈಯ ಕಾಗದದ ಕಡೆ ನೋಡಿ ಕೇಳಿದಳು: "ಇವ್ರು ಬರಸಿದ್ದು ಛಲೋ ಐತ್ರಿ. ಆದ್ರ ಆ ದೊಡ್ಡ ದೇಶದವ್ರು ತಿರುಗಿ ಕೇಳಿದ್ರ? ನೀವು ಒಪ್ಪಿಸಿದ್ದನ್ನ ಮತ್ತ ಹೋಗಿ ಯಾಕ ತರ್ತೀರಿ ಅಂತ?"

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅಕ್ಕಾವ್ರು ಕೈ ಅಡ್ಡ ಮಾಡಿದಳು. ಅವರದು ಆಗಲೇ ಒಂದು ಮಾತು ಆಗಿತ್ತು, ಎರಡನೆಯದಕ್ಕೆ ಎಲ್ಲರ ಪಾಳಿ ಮುಗಿಯಬೇಕು. ಉಳಿದವನು ತಮ್ಮ ಒಬ್ಬನೇ.

ಅವನು ಹೊಸ್ತಿಲ ಮೇಲೆ ತಲೆ ಬಗ್ಗಿಸಿ ಕುಳಿತಿದ್ದ. ತೋಚದಿದ್ದರೆ ತೋಚುವಲ್ದು ಅಂತ ಹೇಳ್ರಿ ಎಂದು ಅಕ್ಕಾವ್ರು ಮೆಲ್ಲಗೆ ಹೇಳಿದಳು. ಅವನು ಅಣ್ಣನನ್ನು ನೋಡಿದ. ಆಮೇಲೆ ಅತ್ತಿಗೆಯನ್ನು ನೋಡಿದ.

"ಅಣ್ಣಾ, ನೀರಿನ ಪಾಳಿ ಜಗಳದ ದಿನ ನಾನು ಅದಕ್ಕ ಕೈ ಹಾಕಾಕ ಹೋಗಿದ್ದೆ" ಎಂದ. "ವೈನಿ ಅಡ್ಡ ಬಂದ್ಲು. ನಿನಗ ಹೇಳಲಿಲ್ಲ. ಅದನ್ನ ತರಬ್ಯಾಡ. ಹಂದಿ ನಾನು ಕಾಯ್ತೀನಿ. ನನ್ನ ಮ್ಯಾಲೆ ನನಗ ಭರವಸಾ ಇಲ್ಲ."

ಯಜಮಾನರು ತಮ್ಮನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಮತ್ತೆ ತಮ್ಮನನ್ನು. ಅವರು ಎದ್ದುಬಿಡುತ್ತಾರೆ, ಮನೆ ಇಲ್ಲಿಗೆ ಎರಡಾಯಿತು ಎಂದು ನಾನು ಹೆದರಿದೆ. ಅವರು ಏಳಲಿಲ್ಲ. ಕೈ ಚಾಚಿ ತಮ್ಮನ ಮೊಣಕಾಲು ಹಿಡಿದುಕೊಂಡು ಕುಳಿತರು. ಈಗ ಎಲ್ಲರ ಪಾಳಿ ಮುಗಿದಿತ್ತು, ಯಾರು ಬೇಕಾದರೂ ಮಾತಾಡಬಹುದಿತ್ತು. ಯಜಮಾನರೇ ಮೊದಲು ನನ್ನನ್ನು ಕೇಳಿದರು.

"ಸರ್, ಬಂದೂಕು ಕಾಯಮ್ ಒಪ್ಪಿಸಿಬಿಡಬೇಕಂದ್ರ ಹೆಂಗ್ರೀ? ಯಾರಿಗೆ ಅರ್ಜಿ ಕೊಡಬೇಕು?"

ನಾನು ಅಕ್ಕಾವ್ರನ್ನು ನೋಡಿದೆ. ಅವಳು ಹಮಾಲರ ಹಿರಿಯರನ್ನು ನೋಡಿದಳು. ಅವರು ನನ್ನನ್ನು ನೋಡಿದರು. ಜಗತ್ತಿನ ಅಣ್ವಸ್ತ್ರಗಳನ್ನೆಲ್ಲ ಕಳಚಿ ಹಾಕಿ ಎಂದು ಸಹಿ ಹಾಕಲು ಕುಳಿತ ನಾಲ್ಕು ತಾಲ್ಲೂಕಿನ ಜನರಲ್ಲಿ, ಒಂದು ಬಂದೂಕನ್ನು ಕೆಳಗಿಡುವುದು ಹೇಗೆಂದು ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಹಾಗೆಂದೇ ಹೇಳಿದೆ. "ಗೊತ್ತಿಲ್ರಿ. ಸೋಮವಾರ ಕೂಡೇ ಹೋಗಿ ಕೇಳೂಣು."